ಮಲಗಿದ ಚಿಪ್‌ನ ಉಸಿರು ಎಣಿಸುವ ಓಂಕಾರಪ್ಪ

ಬೆಳಗಿನ ಐದೂಕಾಲು. ವಿಶಾಖಪಟ್ಟಣದ ಮಧುರವಾಡ ಗುಡ್ಡದ ಮೇಲಿನ ಆರಂತಸ್ತಿನ ಕಟ್ಟಡದ ಮುಂದೆ ಶೇರ್ ಆಟೊ ನಿಲ್ಲುತ್ತದೆ. ಇಳಿಯುವವರು ಐವತ್ತಾರು ವರ್ಷದ ಓಂಕಾರಪ್ಪ. ಹಣೆಯ ಮೇಲೆ ಆಗತಾನೇ ಬಳಿದ ವಿಭೂತಿ, ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ. ಮೈಗೆ ತಗುಲದಂತೆ ಎರಡೂ ಕೈ ಚಾಚಿ ಹಿಡಿದಿರುವುದು ಬಿಳಿ ಥರ್ಮಾಕೋಲ್ ಪೆಟ್ಟಿಗೆ. ಒಳಗೆ ಎರಡು ಕಿಲೋ ಸೀಗಡಿ, ಮೇಲೊಂದಿಷ್ಟು ಐಸು.

ಬಾಗಿಲ ಕಾವಲಿನವನಿಗೆ ವಾಸನೆ ಮೊದಲು ಹೋಗಿ ಮುಟ್ಟುತ್ತದೆ, ಓಂಕಾರಪ್ಪನವರು ಆಮೇಲೆ. ಕ್ಯಾಂಟೀನಿಗಾ ಎಂದು ಅವನು ಕೇಳುತ್ತಾನೆ. ಅಲ್ಲ, ಲ್ಯಾಬಿಗೆ ಎನ್ನುತ್ತಾರೆ ಇವರು. ಮೂರು ವರ್ಷದಿಂದ ದಿನಾ ನೋಡುತ್ತಿರುವ ಮನುಷ್ಯ, ಈರುಳ್ಳಿ ಬಜ್ಜಿ ಕರಿದ ಎಣ್ಣೆಯಲ್ಲಿ ಬೇರೇನಾದರೂ ಕರಿದಿದ್ದಾರಾ ಎಂದು ವಿಚಾರಿಸಿಕೊಂಡೇ ತಿನ್ನುವವರು. ಕಾವಲಿನವನು ಅವರ ಮುಖ ನೋಡುತ್ತಾನೆ, ಪೆಟ್ಟಿಗೆ ನೋಡುತ್ತಾನೆ, ರಿಜಿಸ್ಟರಿನಲ್ಲಿ ಏನು ಬರೆಯಬೇಕೆಂದು ತಿಳಿಯದೆ ‘ಸಾಮಾನು’ ಎಂದು ಬರೆದುಕೊಂಡು ಒಳಗೆ ಬಿಡುತ್ತಾನೆ.

ಲಿಫ್ಟ್ ಇನ್ನೂ ಚಾಲೂ ಆಗಿಲ್ಲ. ನಾಲ್ಕನೇ ಮಹಡಿಗೆ ಮೆಟ್ಟಿಲು ಹತ್ತಬೇಕು. ಲಿಫ್ಟ್ ಓಡುವುದಿಲ್ಲ ಎಂಬುದಕ್ಕೇ ಅವರು ಈ ಹೊತ್ತಿಗೆ ಬರುವುದು. ಒಂಬತ್ತು ಗಂಟೆಯ ಮೇಲೆ ಲಿಫ್ಟ್, ಎಸಿ, ಇನ್ನೂರು ಮುನ್ನೂರು ಜನರ ಕಂಪ್ಯೂಟರು ಎಲ್ಲ ಒಟ್ಟಿಗೆ ಎದ್ದು ಕೂರುತ್ತವೆ. ಆಗ ಓಂಕಾರಪ್ಪನವರ ಮೀಟರಿನ ಅಂಕಿ ಕುಣಿಯತೊಡಗುತ್ತದೆ. ಅವರು ಅಳೆಯುವುದು ಅಷ್ಟು ಸಣ್ಣದನ್ನು. ನಿಮ್ಮ ಫೋನಿನ ಚಾರ್ಜರಿನಲ್ಲಿ ಹರಿಯುವ ಕರೆಂಟನ್ನು ಹತ್ತು ಲಕ್ಷ ಪಾಲು ಮಾಡಿ, ಒಂದೇ ಒಂದು ಪಾಲು ಎತ್ತಿಕೊಳ್ಳಿ. ಅದಕ್ಕೆ ಒಂದು ಮೈಕ್ರೋ ಆಂಪಿಯರ್ ಎನ್ನುತ್ತಾರೆ. ಕೆಲಸ ಮುಗಿಸಿ ಮಲಗಿದ ಚಿಪ್ ಒಂದು ಎಷ್ಟು ಮೈಕ್ರೋ ಆಂಪಿಯರ್ ಸೋರಿಸುತ್ತದೆ ಎಂದು ನೋಡಿ, ಕಾಗದದ ಮೇಲೆ ಬರೆದು, ಕೆಳಗೆ ಸಹಿ ಹಾಕುವುದು ಓಂಕಾರಪ್ಪನವರ ಉದ್ಯೋಗ.

ಇವತ್ತು, 2018ರ ನವೆಂಬರ್ ತಿಂಗಳ ಈ ಗುರುವಾರ, ಆ ಸಹಿಗೆ ಎಂದಿಗಿಂತ ಹೆಚ್ಚು ತೂಕ ಇದೆ. ಹತ್ತು ಗಂಟೆಗೆ ವಿಜಯವಾಡದಿಂದ ಗಿರಾಕಿ ಫಣಿಯವರ ಫೋನು ಬರುತ್ತದೆ. ಹೊಸ ಚಿಪ್ ಸರಿಯಿದ್ದರೆ ಅವರು ನಲವತ್ತು ಸಾವಿರಕ್ಕೆ ಆರ್ಡರ್ ಕೊಡುತ್ತಾರೆ. ಸರಿಯಿಲ್ಲದಿದ್ದರೆ ಹೊರದೇಶದ ಕಂಪನಿಯೊಂದರ ಚಿಪ್ ಅವರ ಮೇಜಿನ ಮೇಲೆ ಆಗಲೇ ಬಂದು ಕೂತಿದೆ. ಈ ಲ್ಯಾಬಿನಲ್ಲಿರುವುದು ಒಟ್ಟು ಆರು ಜನ. ಫಣಿ ಬಿಟ್ಟರೆ ಅವರಿಗೆ ಬೇರೆ ದೊಡ್ಡ ಗಿರಾಕಿ ಇಲ್ಲ. ಅದಕ್ಕೂ ಮಿಗಿಲಾಗಿ ಓಂಕಾರಪ್ಪನವರದೇ ಒಂದು ಲೆಕ್ಕವಿದೆ. ಹಳೆಯ ಚಿಪ್ ಚೆನ್ನಾಗಿದೆ ಎಂದು ಸಹಿ ಹಾಕಿದವರೂ ಅವರೇ. ಅದು ಚೆನ್ನಾಗಿರಲಿಲ್ಲ.

"ಒಂದು ಸಲ ಎಡವಿದೋನ ಸಹಿ ಇದು," ಎನ್ನುತ್ತಾರೆ ಪೆಟ್ಟಿಗೆಯನ್ನು ಬೆಂಚಿನ ಮೇಲಿಳಿಸಿ. "ಎರಡನೇ ಸಲ ಎಡವಿದ್ರೆ ಜನ ಕಾಗದ ಓದಲ್ಲ, ಬರೀ ಹೆಸರು ಓದ್ತಾರೆ."

*

ಓಂಕಾರಪ್ಪನವರು ಓದಿದ್ದು ಹತ್ತನೇ ಕ್ಲಾಸು. ದಾವಣಗೆರೆಯ ಹಳೇಪೇಟೆಯಿಂದ 1986ರಲ್ಲಿ ಸೋದರಮಾವನ ಜೊತೆ ವಿಜಯವಾಡಕ್ಕೆ ಬಂದವರು, ಬೆಸೆಂಟ್ ರೋಡಿನಲ್ಲಿ ಬಟ್ಟೆ ಅಂಗಡಿಯೊಂದರ ಜಗಲಿಯ ಮೇಲೆ ನಾಲ್ಕಡಿ ಅಗಲದ ಗಾಜಿನ ಪೆಟ್ಟಿಗೆಯ ಹಿಂದೆ ಕೂತು ವಾಚು ರಿಪೇರಿ ಕಲಿತರು. ಮಾವ ಊರಿಗೆ ಮರಳಿದ ಮೇಲೆ ಆ ನಾಲ್ಕಡಿ ಇವರದಾಯಿತು.

ದುರ್ಗಾಂಬ ಪರಿಚಯವಾದದ್ದು ಅಲ್ಲೇ. ಅಪ್ಪನ ವಾಚು ನಿಂತಿದೆ ಎಂದು ಒಂದೇ ತಿಂಗಳಲ್ಲಿ ನಾಲ್ಕು ಸಲ ಬಂದ ಹುಡುಗಿ. ನಾಲ್ಕು ಸಲವೂ ವಾಚಿಗೆ ಏನೂ ಆಗಿರಲಿಲ್ಲ. ಮೂರನೆಯ ಸಲವೇ ನನಗೆ ಗೊತ್ತಾಗಿತ್ತು ಎಂದು ಇವರು ಹೇಳುತ್ತಾರೆ. ಗೊತ್ತಾಗಿದ್ದರೆ ನಾಲ್ಕನೆಯ ಸಲ ನನ್ನನ್ನು ಬಿಸಿಲಲ್ಲಿ ಯಾಕೆ ಬರಮಾಡಿದಿರಿ ಎಂದು ಅವರು ಕೇಳುತ್ತಾರೆ. ಕೃಷ್ಣಾ ನದಿಯ ಮೀನು ತಿಂದು ಬೆಳೆದ ತೆಲುಗು ಮನೆಯ ಮಗಳು, ಲಿಂಗ ಕಟ್ಟಿದ ದಾವಣಗೆರೆಯ ಹುಡುಗ. ಒಪ್ಪಂದವಾದದ್ದು ಎರಡು ಒಲೆಗೆ. ಒಳಗಿನ ಒಲೆಯಲ್ಲಿ ರೊಟ್ಟಿ, ಹಿತ್ತಲ ಒಲೆಯಲ್ಲಿ ಮೀನು. ಗಾಳಿ ಹಿತ್ತಲಿಂದ ಒಳಕ್ಕೆ ಬೀಸುವ ದಿನ ಓಂಕಾರಪ್ಪನವರು ಬೀದಿಗೆ ಬಂದು ನಿಲ್ಲುತ್ತಾರೆ. ಇಪ್ಪತ್ತೇಳು ವರ್ಷದಿಂದ ಹೀಗೇ ನಡೆದಿದೆ.

ಸೆಲ್ ಹಾಕುವ ವಾಚುಗಳ ಕಾಲದಲ್ಲಿ ಇವರಿಗೊಂದು ಖ್ಯಾತಿಯಿತ್ತು. ಹೊಸ ಸೆಲ್ ಹಾಕಿಸಿದ ಆರೇ ತಿಂಗಳಿಗೆ ವಾಚು ನಿಂತರೆ ಗಿರಾಕಿ ಸೆಲ್ಲನ್ನು ಬೈಯುತ್ತಾನೆ, ಅಂಗಡಿಯವನು ಇನ್ನೊಂದು ಸೆಲ್ ಹಾಕಿ ಕಳಿಸುತ್ತಾನೆ. ಓಂಕಾರಪ್ಪನವರು ಹಾಗೆ ಮಾಡುತ್ತಿರಲಿಲ್ಲ. ವಾಚಿನ ಯಂತ್ರವನ್ನು ಕೇಸಿನಿಂದ ಬಿಡಿಸಿ, ಬೆಲ್ಟು ತೆಗೆದು, ಮೀಟರಿಗೆ ಸಿಕ್ಕಿಸಿ, ಅದು ಎಷ್ಟು ಕರೆಂಟು ತಿನ್ನುತ್ತಿದೆ ಎಂದು ನೋಡುತ್ತಿದ್ದರು. ಒಂದೂವರೆ ಮೈಕ್ರೋ ಆಂಪಿಯರ್ ಒಳಗಿದ್ದರೆ ವಾಚು ನಿರೋಗಿ. ಐದು ಆರು ತಿಂದರೆ ಒಳಗೆ ಕೊಳೆ ಸೇರಿದೆ, ಚಕ್ರ ಬಿಗಿಯಾಗಿದೆ ಎಂದರ್ಥ.

ಆಮೇಲೆ ಜನರ ಕೈಗೆ ಮೊಬೈಲು ಬಂತು, ಗಂಟೆ ನೋಡಲು ಜನ ಜೇಬಿಗೆ ಕೈ ಹಾಕತೊಡಗಿದರು. 2012ರಲ್ಲಿ ಅಂಗಡಿ ಮುಚ್ಚಿತು. ಮಗಳು ಲಕ್ಷ್ಮೀಪ್ರಸನ್ನಗೆ ಅನಕಾಪಲ್ಲಿಯ ಬ್ಯಾಂಕಿನಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿದ್ದರಿಂದ ಸಂಸಾರ ವಿಶಾಖಪಟ್ಟಣಕ್ಕೆ ಬಂತು. ಇವರು ದ್ವಾರಕಾನಗರದಲ್ಲಿ ಯಾರದೋ ವಾಚಿನ ಅಂಗಡಿಯಲ್ಲಿ ಸೆಲ್ ಹಾಕುವ ಕೆಲಸಕ್ಕೆ ಕೂತರು. ಎಡಗಣ್ಣಿಗೆ ಪೊರೆ ಬಂದು ಆಪರೇಷನ್ ಆಯಿತು. ಐವತ್ತು ದಾಟಿದವನಿಗೆ ಇನ್ನೇನಿದೆ ಎಂದುಕೊಂಡಿದ್ದ ದಿನಗಳು ಅವು ಎನ್ನುತ್ತಾರೆ, ಆದರೆ ಹೇಳುವಾಗ ನಗುತ್ತಲೇ ಹೇಳುತ್ತಾರೆ.

2015ರ ಒಂದು ಮಧ್ಯಾಹ್ನ ರಾಜ್ಯಶ್ರೀ ಎಂಬ ಯುವತಿ ತಂದೆಯ ವಾಚಿಗೆ ಸೆಲ್ ಹಾಕಿಸಲು ಬಂದರು. ಹೈದರಾಬಾದಿನಲ್ಲಿ ಚಿಪ್ ವಿನ್ಯಾಸದ ಕೆಲಸ ಬಿಟ್ಟು, ಸ್ನೇಹಿತರೊಡನೆ ಹುಟ್ಟೂರಲ್ಲಿ ಸಣ್ಣ ಕಂಪನಿ ತೆರೆದಿದ್ದವರು. ಮುದುಕನೊಬ್ಬ ಸೆಲ್ ಹಾಕುವ ಮೊದಲು ವಾಚನ್ನು ಬಿಚ್ಚಿ, ಉಸಿರು ಬಿಗಿಹಿಡಿದು ಕೂತು, "ಒಂದು ಪಾಯಿಂಟ್ ಒಂದು, ಇನ್ನೂ ಹದಿನೈದು ವರ್ಷ ಓಡ್ತೈತೆ" ಎಂದದ್ದನ್ನು ಅವರು ನಿಂತು ನೋಡಿದರು. ಉಸಿರು ಯಾಕೆ ಹಿಡಿದಿರಿ ಎಂದು ಕೇಳಿದರು. ಬಾಯಿಯ ಹಬೆ ತಾಗಿದರೂ ಅಂಕಿ ಏರುತ್ತದೆ ಎಂದರು ಇವರು. ಮರುದಿನವೇ ರಾಜ್ಯಶ್ರೀ ಒಂದು ಚಿಪ್ ತಂದು ಇವರ ಮುಂದಿನ ಮೇಜಿನ ಮೇಲಿಟ್ಟರು.

ಆ ರಾಜ್ಯಶ್ರೀ ಈಗ ಓಂಕಾರಪ್ಪನವರ ಮೇಲಧಿಕಾರಿ. ಕರೆಯುವುದು ಮಾತ್ರ ‘ಬಾಬಾಯ್’ ಎಂದು, ತೆಲುಗಿನಲ್ಲಿ ಚಿಕ್ಕಪ್ಪ. ಇವರು ಅವರನ್ನು ‘ಅಮ್ಮಾ’ ಎನ್ನುತ್ತಾರೆ. ಅತಿಥಿಗಳಿದ್ದರೆ ‘ಮೇಡಂ’.

*

ಈ ಚಿಪ್ ಯಾಕೆ ಸೋರುತ್ತದೆ, ಸೋರದಂತೆ ಹೇಗೆ ಕಾಯುತ್ತಾರೆ ಎಂಬುದನ್ನು ಓಂಕಾರಪ್ಪನವರು ದುರ್ಗಾಂಬಗೆ ಬಿಡಿಸಿ ಹೇಳಿದ ಬಗೆಯಲ್ಲೇ ಕೇಳಿದರೆ ಸುಲಭ.

ಚಿಪ್ ಅಂದರೆ ಮೂರು ಕೋಣೆಯ ಮನೆ. ಒಂದೊಂದು ಕೋಣೆಗೂ ಒಂದೊಂದು ವೋಲ್ಟೇಜು, ಯಾಕೆಂದರೆ ಒಂದೊಂದರ ಕೆಲಸ ಒಂದೊಂದು ಥರ. ಸುದ್ದಿ ಕಳಿಸುವ ಕೋಣೆಗೆ ಹೆಚ್ಚು ಬೇಕು, ಲೆಕ್ಕ ಮಾಡುವ ಕೋಣೆಗೆ ಕಡಿಮೆ ಸಾಕು. ಮೂರನೆಯದು ಎಂದೂ ಮಲಗದ ಪುಟ್ಟ ಕೋಣೆ, ಹೊತ್ತು ಎಣಿಸುತ್ತಾ ಕೂತಿರುತ್ತದೆ, ಬೇಕಾದಾಗ ಉಳಿದವರನ್ನು ಎಬ್ಬಿಸುತ್ತದೆ. ಕೆಲಸವಿಲ್ಲದ ಕೋಣೆಯ ಕರೆಂಟು ಪೂರ್ತಿ ತೆಗೆದುಬಿಟ್ಟರೆ ಉಳಿತಾಯ. ಆದರೆ ಕೋಣೆಯಿಂದ ಕೋಣೆಗೆ ಗೋಡೆ ದಾಟುವ ತಂತಿಗಳಿರುತ್ತವಲ್ಲ, ಆ ಕಡೆ ಕತ್ತಲಾದ ಕೂಡಲೇ ಅವು ಮೇಲೂ ಅಲ್ಲದೆ ಕೆಳಗೂ ಅಲ್ಲದೆ ತೇಲಾಡುತ್ತವೆ. ಈ ಕಡೆಯ ನಲ್ಲಿ ಅರ್ಧ ತೆರೆದು ನಿಲ್ಲುತ್ತದೆ. ಸೋರುವುದು ಅಲ್ಲಿ. ಅದಕ್ಕೇ ಗೋಡೆಯ ಪಕ್ಕ ಒಬ್ಬ ಕಾವಲಿನವನು. ಪಕ್ಕದ ಕೋಣೆಯಲ್ಲಿ ಬೆಳಕಿದೆಯೋ ಇಲ್ಲವೋ ನೋಡುತ್ತಿರುವುದು, ಇಲ್ಲವೆಂದು ಕಂಡರೆ ತಂತಿಗಳಿಗೆಲ್ಲ ಚಿಲಕ ಹಾಕುವುದು, ಅಷ್ಟೇ ಅವನ ಕೆಲಸ.

ದುರ್ಗಾಂಬ ಕೇಳಿಸಿಕೊಂಡು ಹೇಳಿದ್ದು: "ಏಮಂಡಿ, ಮನೇಲಿ ರೂಮಿನ ಲೈಟ್ ಆರಿಸದೆ ಹೊರಗೆ ಹೋಗೋರು ನೀವು. ನಿಮಗೆ ಈ ಕೆಲಸ ಯಾರು ಕೊಟ್ಟರು?"

ದಿನಕ್ಕೆ ಹದಿನೈದು ಚಿಪ್ ಅವರ ಕೈ ದಾಟುತ್ತವೆ. ಒಂದೊಂದನ್ನೂ ಸ್ಪಿರಿಟ್ಟಿನಲ್ಲಿ ಒರೆಸಬೇಕು, ಕಡಲ ಗಾಳಿಯ ತೇವ ಆರಲು ಬೆಚ್ಚಗಿನ ಪೆಟ್ಟಿಗೆಯಲ್ಲಿಡಬೇಕು, ಆಮೇಲೆ ಸ್ಟೀಲಿನ ಡಬ್ಬಿಯೊಳಗೆ ಮುಚ್ಚಿ ಹನ್ನೆರಡು ನಿಮಿಷ ಕದಲದೆ ಕಾಯಬೇಕು. ಹೊರಗಿನ ಕರೆಂಟಿನ ಗದ್ದಲ ಒಳಗೆ ನುಗ್ಗದಂತೆ ತಡೆಯುವ ಆ ಡಬ್ಬಿ ದುರ್ಗಾಂಬನವರ ಅಡುಗೆಮನೆಯಿಂದ ಬಂದದ್ದು. ಕಂಪನಿ ಅಂಥದ್ದನ್ನೇ ಹೊರಗಿಂದ ತರಿಸಿ ನೋಡಿತು, ಅಂಕಿಯಲ್ಲಿ ವ್ಯತ್ಯಾಸವೇನೂ ಕಾಣಲಿಲ್ಲ. ಹೊಸ ಡಬ್ಬಿಯಲ್ಲಿ ಈಗ ಸ್ಕ್ರೂಗಳಿವೆ.

*

ಫಣಿಯವರ ಕಚೇರಿ ಇರುವುದು ವಿಜಯವಾಡದ ಬೆಂಜ್ ಸರ್ಕಲ್ಲಿನಲ್ಲಿ. ಅವರು ಮಾಡುವುದು ಸೀಗಡಿ ಪೆಟ್ಟಿಗೆಗೆ ಹಾಕುವ ಟ್ಯಾಗು. ಬೆಂಕಿಪೊಟ್ಟಣದಷ್ಟು ದೊಡ್ಡದು, ಒಳಗೊಂದು ಬಟನ್ ಸೆಲ್ಲು, ರಾಜ್ಯಶ್ರೀ ಅವರ ಚಿಪ್ಪೊಂದು, ಹೊರಕ್ಕೆ ಬಾಲದಂತೆ ಗೇಣುದ್ದದ ತಂತಿ. ತಂತಿಯ ತುದಿ ಐಸಿನೊಳಗೆ ಹೂತಿದ್ದು ಹತ್ತು ನಿಮಿಷಕ್ಕೊಮ್ಮೆ ತಣುಪು ನೋಡುತ್ತದೆ. ಲಾರಿಯಲ್ಲಿ, ಹಡಗಿನಲ್ಲಿ ಎಲ್ಲಿ ಐಸು ಕರಗಿತು ಎಂಬುದು ಆಮೇಲೆ ಗೊತ್ತಾಗುತ್ತದೆ. ಒಂದು ಸೆಲ್ಲು ಎರಡೂವರೆ ಮೂರು ವರ್ಷ ಬರಬೇಕೆಂಬುದು ಒಪ್ಪಂದ. ಓಂಕಾರಪ್ಪನವರು ಅಳೆದು ಬರೆದುಕೊಟ್ಟದ್ದು ಒಂದು ಪಾಯಿಂಟ್ ನಾಲ್ಕು. ಆ ಲೆಕ್ಕಕ್ಕೆ ಮೂರು ವರ್ಷ ಆರಾಮಾಗಿ ಬರಬೇಕು.

2017ರ ಜನವರಿಯಲ್ಲಿ ಟ್ಯಾಗುಗಳು ಪೆಟ್ಟಿಗೆ ಹತ್ತಿದವು. ಏಪ್ರಿಲ್‌ನಲ್ಲಿ ಸಾಯತೊಡಗಿದವು. ಮೊದಲು ಸೆಲ್ ಮಾರಿದವರನ್ನು ಬೈದದ್ದಾಯಿತು. ಆಮೇಲೆ ಐಸನ್ನು ಬೈದರು, ತಣ್ಣಗಿದ್ದರೆ ಸೆಲ್ಲಿನ ಶಕ್ತಿ ಕುಗ್ಗುತ್ತದೆಂದು. ಸತ್ತ ಟ್ಯಾಗುಗಳನ್ನು ಫಣಿ ಮೂಟೆ ಕಟ್ಟಿ ಕಳಿಸಿದರು. ಓಂಕಾರಪ್ಪನವರು ಒಂದೊಂದನ್ನೂ ಬಿಚ್ಚಿ, ಒರೆಸಿ, ಆರಿಸಿ, ಡಬ್ಬಿಯಲ್ಲಿಟ್ಟು ಅಳೆದರು. ಒಂದು ಪಾಯಿಂಟ್ ನಾಲ್ಕು. ಒಂದು ಪಾಯಿಂಟ್ ಮೂರು. ಒಂದೂ ಹಾಳಾಗಿಲ್ಲ. ಹಾಗೆಂದು ಬರೆದು ಸಹಿ ಹಾಕಿ ಕಳಿಸಿದರು. ಫಣಿ ಆ ಕಾಗದವನ್ನು ಫೋಟೊ ತೆಗೆದು ವಾಪಸು ಕಳಿಸಿ, ಕೆಳಗೆ ಒಂದೇ ಸಾಲು ಬರೆದರು: ನಿಮ್ಮ ಕಾಗದ ಚೆನ್ನಾಗಿದೆ, ಅದನ್ನೇ ಪೆಟ್ಟಿಗೆಗೆ ಕಟ್ಟಲೇ?

ಆ ಸಾಲು ಓಂಕಾರಪ್ಪನವರಿಗೆ ಊಟ ಸೇರದಂತೆ ಮಾಡಿತು. ಜೂನ್ ತಿಂಗಳಲ್ಲಿ ಅವರು ಕೈಚೀಲದಲ್ಲಿ ಮೀಟರು ಹಾಕಿಕೊಂಡು, ಯಾರೂ ಹೋಗೆನ್ನದೆ, ರತ್ನಾಚಲ್ ರೈಲು ಹತ್ತಿದರು. ರಜೆ ಚೀಟಿಯಲ್ಲಿ ‘ಸ್ವಂತ ಕೆಲಸ’ ಎಂದು ಬರೆದಿದ್ದರು.

ವಿಜಯವಾಡದ ಹೊರವಲಯದ ಶೀತಲಗೃಹದಲ್ಲಿ ಸೀಗಡಿ ವಿಂಗಡಿಸುವ ಹೆಂಗಸರ ಮೇಲ್ವಿಚಾರಕಿ ಲಕ್ಷ್ಮೀಕಾಂತಮ್ಮ. ಮೊಣಕಾಲಿನವರೆಗೆ ರಬ್ಬರ್ ಬೂಟು, ತಲೆಗೆ ಬಿಗಿದ ಟವೆಲು, ಗಂಟಲು ಮಾತ್ರ ರೈಲ್ವೆ ನಿಲ್ದಾಣದ ಮೈಕಿನದು. ಮೂಗಿಗೆ ಕರ್ಚೀಫು ಕಟ್ಟಿಕೊಂಡು, ವಿಭೂತಿ ಹಚ್ಚಿಕೊಂಡು, ಸೀಗಡಿಯ ರಾಶಿಯ ನಡುವೆ ಕಾಲೂರಲು ಜಾಗ ಹುಡುಕುತ್ತಿದ್ದ ಮನುಷ್ಯನನ್ನು ಅವರು ಮೇಲಿಂದ ಕೆಳಗೆ ನೋಡಿದರು. ಅರ್ಚಕರನ್ನು ಯಾರು ಕರೆಸಿದ್ದು ಎಂದು ಹೆಂಗಸರನ್ನು ಕೇಳಿದರು. ಹೆಂಗಸರು ನಕ್ಕರು. ಇವರು ಟ್ಯಾಗಿನವರು ಎಂದು ಯಾರೋ ಹೇಳಿದಾಗ, ಹಾಗಾದರೆ ಬನ್ನಿ, ನಿಮಗೆ ಹೇಳುವುದು ಬಹಳ ಇದೆ ಎಂದು ಒಂದು ಪ್ಲಾಸ್ಟಿಕ್ ಬಕೆಟ್ಟನ್ನು ಕಾಲಿನಿಂದಲೇ ಮುಂದೆ ತಳ್ಳಿದರು.

ಬಕೆಟ್ಟಿನ ತುಂಬ ಟ್ಯಾಗುಗಳು. ಎಲ್ಲದರ ತಂತಿಯೂ ಐಸು ಎಳೆಯುವ ಕೊಕ್ಕೆಗೆ ಸಿಕ್ಕಿ ಹರಿದಿತ್ತು. ಬಾಲವಿಲ್ಲದ ಟ್ಯಾಗು ಯಾತಕ್ಕೂ ಬಾರದೆಂದು ಜನವರಿಯಿಂದ ಅದರಲ್ಲಿ ಎಸೆಯುತ್ತಾ ಬಂದಿದ್ದರು. ಅವುಗಳ ಪುಟ್ಟ ಹಸಿರು ದೀಪ ಮಾತ್ರ ಹತ್ತು ನಿಮಿಷಕ್ಕೊಮ್ಮೆ ಇನ್ನೂ ಮಿಟುಕುತ್ತಿತ್ತು.

ಲಕ್ಷ್ಮೀಕಾಂತಮ್ಮ ಅಂದು ತೆಲುಗಿನಲ್ಲಿ ಹೇಳಿದ ಮಾತನ್ನು ಓಂಕಾರಪ್ಪನವರು ಇವತ್ತಿಗೂ ಅವರ ಗಂಟಲಲ್ಲೇ ಹೇಳಿ ತೋರಿಸುತ್ತಾರೆ: "ಅಯ್ಯಾ, ಬಾಲ ಹರಿದವು ಬದುಕಿವೆ. ಬಾಲ ನೆಟ್ಟಗಿದ್ದವು ಸಾಯ್ತಿವೆ. ಇದು ಎಂಥ ಸಾಮಾನು ಮಾಡಿದ್ದೀರಿ ನೀವು?"

ಓಂಕಾರಪ್ಪನವರು ಅಲ್ಲೇ ಮೀನಿನ ಬುಟ್ಟಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತರು. ಬೆಸೆಂಟ್ ರೋಡಿನ ಇಪ್ಪತ್ತಾರು ವರ್ಷ ಅವರ ಕಣ್ಣ ಮುಂದೆ ಹಾದುಹೋಯಿತಂತೆ. ವಾಚನ್ನು ಅಳೆಯುವಾಗ ಕೇಸು ತೆಗಿ, ಬೆಲ್ಟು ತೆಗಿ, ಬರೀ ಯಂತ್ರ ಇಟ್ಟು ಅಳೆ ಎಂದು ಮಾವ ಕಲಿಸಿದ್ದ. ವಾಚಿಗೆ ಅದೇ ಸರಿ, ಬೆಲ್ಟು ಕರೆಂಟು ತಿನ್ನುವುದಿಲ್ಲವಲ್ಲ. ಅದೇ ಮಡಿಯನ್ನು ಅವರು ಚಿಪ್ಪಿಗೂ ತಂದಿದ್ದರು. ಅಳೆಯುವ ಮೊದಲು ಬಾಲ ಬಿಚ್ಚಿ ಪಕ್ಕಕ್ಕಿಡುವುದು. ಮೂಟೆಯಲ್ಲಿ ಬಂದ ಸತ್ತ ಟ್ಯಾಗುಗಳ ಬಾಲವನ್ನೂ ಅಷ್ಟೇ ಶ್ರದ್ಧೆಯಿಂದ ಬಿಚ್ಚಿಟ್ಟಿದ್ದರು. ಅಂದರೆ ರೋಗವನ್ನು ಬಿಚ್ಚಿ ಪಕ್ಕಕ್ಕಿಟ್ಟು ರೋಗಿ ಆರೋಗ್ಯವಾಗಿದ್ದಾನೆಂದು ಸಹಿ ಹಾಕುತ್ತಾ ಬಂದಿದ್ದರು.

ಸೀಗಡಿಯ ಐಸಿಗೆ ಕೈ ಹಾಕಿದರು. ಬಾಲವಿದ್ದ ಟ್ಯಾಗೊಂದನ್ನು ತೆಗೆದು, ಸೆಲ್ಲಿಗೂ ಅದಕ್ಕೂ ನಡುವೆ ಮೀಟರು ಸಿಕ್ಕಿಸಿ, ಬಾಲವನ್ನು ಐಸಿನಲ್ಲೇ ಬಿಟ್ಟು ನೋಡಿದರು. ತೊಂಬತ್ತೆರಡು. ಬಾಲ ಕಿತ್ತರು. ಒಂದು ಪಾಯಿಂಟ್ ನಾಲ್ಕು. ಮತ್ತೆ ಸಿಕ್ಕಿಸಿದರು. ತೊಂಬತ್ತೆರಡು. ಹೆಂಗಸರು ಕೆಲಸ ಬಿಟ್ಟು ಸುತ್ತ ನಿಂತಿದ್ದರು.

ಅಲ್ಲಿಂದಲೇ ರಾಜ್ಯಶ್ರೀಗೆ ಫೋನು ಮಾಡಿದರು. "ಅಮ್ಮಾ, ತಪ್ಪು ನಂದು. ಬಾಲ ಬಿಚ್ಚಿಟ್ಟು ಅಳೀತಿದ್ದೆ. ಇಷ್ಟು ದಿನ ಕೊಟ್ಟಿದ್ದೆಲ್ಲ ಸುಳ್ಳು ಲೆಕ್ಕ."

ಆ ಕಡೆ ರಾಜ್ಯಶ್ರೀ ಕಾಗದದ ಮೇಲೆ ಗೀಚುತ್ತಿದ್ದರಂತೆ. ಬಾಲದ ಮೇಲೆ ಸದಾ ಸೆಲ್ಲಿನ ವೋಲ್ಟೇಜು ಇರುತ್ತದೆ. ಸುದ್ದಿ ಕಳಿಸುವ ಕೋಣೆ ಮಲಗಿದಾಗಲೂ ಆ ತಂತಿಯಿಂದ ಹಿತ್ತಲ ಬಾಗಿಲಲ್ಲಿ ಇಷ್ಟಿಷ್ಟೇ ಕರೆಂಟು ನುಸುಳಿ ಕೋಣೆಯಲ್ಲಿ ಮಬ್ಬು ಬೆಳಕು ಮಾಡುತ್ತದೆ. ಕಾವಲಿನವನು ಅದನ್ನು ನೋಡಿ, ಒಳಗೆ ಯಾರೋ ಎಚ್ಚರವಾಗಿದ್ದಾರೆ ಎಂದು ಚಿಲಕ ಹಾಕದೆ ನಿಲ್ಲುತ್ತಾನೆ.

"ಬಾಬಾಯ್, ನಿಮ್ಮದಲ್ಲ," ಎಂದರು ಕೊನೆಗೆ. "ಹಗಲು, ರಾತ್ರಿ ಎರಡನ್ನೇ ಅವನಿಗೆ ಕಲಿಸಿದ್ದೆ. ಮುಸ್ಸಂಜೆ ಅಂತ ಒಂದಿರುತ್ತೆ ಅನ್ನೋದು ನನಗೇ ಹೊಳೆದಿರಲಿಲ್ಲ."

ನಿಮ್ದಲ್ಲ ನಂದು, ನಿಮ್ಮದಲ್ಲ ನಂದು ಎಂದು ಇಬ್ಬರೂ ಹತ್ತು ನಿಮಿಷ ವಾದ ಮಾಡಿದರಂತೆ. ಲಕ್ಷ್ಮೀಕಾಂತಮ್ಮ ಇವರ ಕೈಯಿಂದ ಫೋನು ಇಸಿದುಕೊಂಡು, ಯಾರದಾದರೂ ಆಗಲಿ, ಮೊದಲು ಸರಿ ಮಾಡಿ, ಇಲ್ಲಿ ಐಸು ಕರಗುತ್ತಿದೆ ಎಂದು ಹೇಳಿ ವಾಪಸು ಕೊಟ್ಟರು.

ಸರಿ ಮಾಡಲು ಹದಿನಾರು ತಿಂಗಳು ಹಿಡಿಯಿತು. ಹೊಸ ಚಿಪ್ಪಿನಲ್ಲಿ ರಾಜ್ಯಶ್ರೀ ಬಾಲದ ತಂತಿಯನ್ನು ಎಂದೂ ಮಲಗದ ಕೋಣೆಗೆ ಸೇರಿಸಿದರು. ಪೂರ್ತಿ ಬೆಳಕಿಲ್ಲದಿದ್ದರೆ ಕತ್ತಲೆಂದೇ ತಿಳಿದು ಚಿಲಕ ಹಾಕು ಎಂದು ಕಾವಲಿನವನಿಗೆ ಹೊಸದಾಗಿ ಕಲಿಸಿದರು. ಫಣಿ ಅಲ್ಲಿಯವರೆಗೆ ಮೂರು ತಿಂಗಳಿಗೊಮ್ಮೆ ಸೆಲ್ ಬದಲಿಸಿಕೊಂಡು ಕಾದರು. ನೀವು ತಪ್ಪು ಒಪ್ಪಿಕೊಂಡಿರಿ ಎಂಬ ಒಂದೇ ಕಾರಣಕ್ಕೆ ಕಾಯುತ್ತಿದ್ದೇನೆ, ಒಪ್ಪಿಕೊಂಡವರು ಎರಡನೇ ಸಲ ಬೇರೆ ತಪ್ಪನ್ನಾದರೂ ಮಾಡುತ್ತಾರೆ ಎಂದಿದ್ದರು.

*

ಆರೂಮುಕ್ಕಾಲು. ಕಿಟಕಿಯಾಚೆ ಕಡಲು ಬೆಳ್ಳಗಾಗುತ್ತಿದೆ. ಹೊಸ ಚಿಪ್ಪನ್ನು ಓಂಕಾರಪ್ಪನವರು ಮೊದಲು ಹಳೆಯ ಕ್ರಮದಲ್ಲೇ, ಬಾಲವಿಲ್ಲದೆ ಅಳೆಯುತ್ತಾರೆ. ಒಂದು ಪಾಯಿಂಟ್ ಮೂರು. ಬಾಲ ಸಿಕ್ಕಿಸುತ್ತಾರೆ. ಒಂದು ಪಾಯಿಂಟ್ ಮೂರು. ಬಾಗಿಲಲ್ಲಿ ಆಗಷ್ಟೇ ಬಂದು ನಿಂತ ರಾಜ್ಯಶ್ರೀ ಚಪ್ಪಲಿ ಬಿಟ್ಟು, ಬೆರಳ ತುದಿಯಲ್ಲಿ ಒಳಗೆ ಬರುತ್ತಾರೆ. ಇಷ್ಟು ಸಾಕಲ್ಲ ಎಂದು ಅವರ ಮುಖ ಕೇಳುತ್ತಿದೆ. ಓಂಕಾರಪ್ಪನವರು ಥರ್ಮಾಕೋಲ್ ಪೆಟ್ಟಿಗೆಯ ಮುಚ್ಚಳ ತೆರೆಯುತ್ತಾರೆ.

ನಿನ್ನೆ ಸಂಜೆ ಇದಕ್ಕಾಗಿ ಫಿಷಿಂಗ್ ಹಾರ್ಬರ್‌ಗೆ ಹೋಗಿ ಆರಿಸಿ ತಂದವರು ದುರ್ಗಾಂಬ. ಬರೀ ಐಸು ಸಾಲದೇ ಎಂದು ಅವರು ಕೇಳಿದ್ದರಂತೆ. ಒಂದು ಸಲ ಬರೀ ಅದು ಬರೀ ಇದು ಅಂತ ಅಳೆದೇ ಕೆಟ್ಟಿದ್ದೇನೆ ಎಂದು ಇವರು ಹೇಳಿದ ಮೇಲೆ ಚೀಲ ಎತ್ತಿಕೊಂಡರಂತೆ. ಮದುವೆಯಾದ ಮೇಲೆ ಗಂಡ ಸೀಗಡಿ ತಾ ಎಂದು ಹೇಳಿದ್ದು ಅದೇ ಮೊದಲು ಎಂದು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ.

ಚಿಪ್ ಇರುವ ಹಲಗೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಬಾಲವನ್ನು ಸೀಗಡಿಗಳ ನಡುವೆ ಹೂತು, ಮುಚ್ಚಳ ಹಾಕಿ, ಕೈ ಹಿಂದೆ ಕಟ್ಟಿ ನಿಲ್ಲುತ್ತಾರೆ. ಹನ್ನೆರಡು ನಿಮಿಷ. ಮೀಟರು ಹೇಳುತ್ತದೆ: ಮೂವತ್ತೆಂಟು.

ರಾಜ್ಯಶ್ರೀ ಕುರ್ಚಿಯ ಮೇಲೆ ಕುಸಿಯುತ್ತಾರೆ. ಹದಿನಾರು ತಿಂಗಳು ಎಂದಷ್ಟೇ ಅನ್ನುತ್ತಾರೆ. ಓಂಕಾರಪ್ಪನವರು ಮೀಟರಿನಿಂದ ಕಣ್ಣು ತೆಗೆಯುವುದಿಲ್ಲ. ಮೂವತ್ತೆಂಟು ಮೂವತ್ತೊಂಬತ್ತಾಗುತ್ತದೆ. ನಲವತ್ತೊಂದಾಗುತ್ತದೆ. ಮೂವತ್ತಾರಕ್ಕೆ ಇಳಿಯುತ್ತದೆ. ಎರಡು ನಿಮಿಷ ಹಾಗೇ ನೋಡಿದ ಮೇಲೆ ಅವರ ಮೀಸೆಯ ತುದಿ ಸಣ್ಣಗೆ ಅಲುಗುತ್ತದೆ.

"ಅಮ್ಮಾ, ಏಳ್ರಿ ಮೇಲೆ. ಚಿಪ್ ಸೋರಿದ್ರೆ ಅಂಕಿ ಒಂದು ಕಡೆ ಕೂತಿರ್ತೈತೆ, ತೊಂಬತ್ತೆರಡು ಅಂದ್ರೆ ತೊಂಬತ್ತೆರಡು. ಇದು ಅಡ್ಡಾಡ್ತಾ ಐತೆ. ಅಡ್ಡಾಡೋದು ನೀರು."

ಕವರಿನ ಬಾಯಿ ಬಿಚ್ಚಿ ನೋಡಿದರೆ ಹೌದು, ಸೆಲ್ಲಿನ ಹಿಡಿಕೆಯ ಹತ್ತಿರ ಒಂದು ಹನಿ ಸೀಗಡಿ ನೀರು ಇಳಿದು ಕೂತಿದೆ. ಉಪ್ಪು ನೀರು, ಕರೆಂಟಿಗೆ ರಾಜಬೀದಿ. ಬೆವರುವ ಕೈಗಳ ಗಿರಾಕಿಗಳ ವಾಚುಗಳಲ್ಲಿ ಈ ಅಡ್ಡಾಟವನ್ನು ಅವರು ಸಾವಿರ ಸಲ ನೋಡಿದ್ದಾರೆ. ಫಣಿಯವರ ಟ್ಯಾಗಿನ ಡಬ್ಬಿಗೆ ರಬ್ಬರಿನ ಬಿಗಿ ಇರುತ್ತದೆ, ಅಲ್ಲಿ ಹನಿ ಹೋಗದು. ಆದರೂ ಬಾಯಿ ಮಾತಿಗೆ ಬಿಡುವವರಲ್ಲ ಇವರು. ಸ್ಪಿರಿಟ್ಟಿನಲ್ಲಿ ಒರೆಸುತ್ತಾರೆ, ಬೆಚ್ಚಗೆ ಆರಿಸುತ್ತಾರೆ, ಟ್ಯಾಗಿನದೇ ಡಬ್ಬಿ ತಂದು ಅದರೊಳಗೆ ಕೂರಿಸಿ, ರಬ್ಬರು ಬಿಗಿದು, ಮತ್ತೆ ಸೀಗಡಿಯೊಳಗೆ ಹೂಳುತ್ತಾರೆ. ಇಷ್ಟಕ್ಕೆ ಒಂಬತ್ತರ ಹತ್ತಿರವಾಗುತ್ತದೆ. ಕೆಳಗೆಲ್ಲೋ ಲಿಫ್ಟಿನ ಮೋಟಾರು ಗುಂಯ್ ಎನ್ನತೊಡಗಿದೆ. ರಾಜ್ಯಶ್ರೀ ಓಡಿಹೋಗಿ, ಇಪ್ಪತ್ತು ನಿಮಿಷ ಲಿಫ್ಟ್ ನಿಲ್ಲಿಸಿ ಎಂದು ಕೇಳಿಕೊಂಡು ಬರುತ್ತಾರೆ. ಮೆಟ್ಟಿಲಲ್ಲಿ ಬೇರೆ ಕಂಪನಿಯವರ ಗೊಣಗಾಟ ಕೇಳಿಸುತ್ತದೆ.

ಒಂದು ಪಾಯಿಂಟ್ ಎರಡು.

ಅಂಕಿ ಕೂತಿದೆ. ಐದು ನಿಮಿಷವಾದರೂ ಕದಲದೆ ಕೂತಿದೆ. ತಣ್ಣಗಿರುವುದಕ್ಕೆ ಹೊರಗಿದ್ದಾಗಿನದಕ್ಕಿಂತ ಒಂದು ಕೂದಲು ಕಡಿಮೆಯೇ. ಓಂಕಾರಪ್ಪನವರು ಬಾಲವನ್ನು ಕಿತ್ತು, ಸಿಕ್ಕಿಸಿ, ಕಿತ್ತು, ಸಿಕ್ಕಿಸಿ ನೋಡುತ್ತಾರೆ. ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಆಗ ಅವರು ಮೊದಲ ಸಲ ಗಟ್ಟಿಯಾಗಿ ಉಸಿರು ಬಿಡುತ್ತಾರೆ. ರಾಜ್ಯಶ್ರೀ ಅವರ ಎರಡೂ ಕೈ ಹಿಡಿದುಕೊಂಡು ಕುಣಿಯುತ್ತಾರೆ. ಕೈ ವಾಸನೆ ಅಮ್ಮಾ, ಬಿಡ್ರಿ ಎಂದು ಇವರು ಹೇಳುತ್ತಲೇ ಇದ್ದಾರೆ. ಕೇಳಿಸಿಕೊಳ್ಳುವವರು ಯಾರು.

ಹತ್ತಕ್ಕೆ ಎರಡು ನಿಮಿಷ ಇರುವಾಗಲೇ ಫಣಿಯವರ ಫೋನು. ಓಂಕಾರಪ್ಪನವರು ಮೂರು ಅಂಕಿ ಹೇಳುತ್ತಾರೆ, ನಡುವೆ ಬಂದ ಮೂವತ್ತೆಂಟನ್ನೂ ಅದರ ಕಾರಣವನ್ನೂ ಬಿಡದೆ ಹೇಳುತ್ತಾರೆ. ಆ ಮೂವತ್ತೆಂಟನ್ನು ಹೇಳದಿದ್ದರೆ ನಿಮ್ಮನ್ನು ನಂಬುವುದು ಇನ್ನೂ ಕಷ್ಟವಾಗುತ್ತಿತ್ತು ಎಂದು ಫಣಿ ನಗುತ್ತಾರೆ. ನಲವತ್ತು ಸಾವಿರಕ್ಕೆ ಮಾತು ಮುಗಿಯುತ್ತದೆ. ಹೊರದೇಶದ ಚಿಪ್ಪನ್ನು ಏನು ಮಾಡುವಿರಿ ಎಂದು ರಾಜ್ಯಶ್ರೀ ಕೇಳಿದರೆ, ಲಕ್ಷ್ಮೀಕಾಂತಮ್ಮನ ಬಕೆಟ್ಟಿನಲ್ಲಿ ಜಾಗವಿದೆ ಎಂಬ ಉತ್ತರ ಬರುತ್ತದೆ.

ಹನ್ನೊಂದು ಗಂಟೆಗೆ ಲ್ಯಾಬಿನಲ್ಲಿ ಆರೂ ಜನ ಸೇರಿದ್ದಾರೆ. ಪೂತರೇಕುಲು ತರಿಸಿದ್ದಾರೆ. ಮಡಚಿದ ತೆಳು ಕಾಗದದಂಥ ಆ ಸಿಹಿಯ ಪುಡಿ ಬೆಂಚಿನ ಮೇಲೆ ಬೀಳದಂತೆ ಓಂಕಾರಪ್ಪನವರು ಎಲ್ಲರನ್ನೂ ಕಿಟಕಿಯ ಕಡೆ ಅಟ್ಟುತ್ತಾರೆ. ನಿಮಗೇನು ಬೇಕು ಬಾಬಾಯ್, ಇವತ್ತು ಕೇಳಿದ್ದು ಕೊಡುತ್ತೇನೆ ಎನ್ನುತ್ತಾರೆ ರಾಜ್ಯಶ್ರೀ. ಸಂಬಳ ಎನ್ನಿ ಎಂದು ಹಿಂದಿನಿಂದ ಯಾರೋ ಪಿಸುಗುಡುತ್ತಾರೆ. ಅದು ಹೇಗೂ ಏಪ್ರಿಲ್‌ಗೆ ಬರುತ್ತದಲ್ಲ ಎಂದು ಇವರು ಅದನ್ನು ಬದಿಗಿಡುತ್ತಾರೆ.

ಅವರಿಗೆ ಬೇಕಾದದ್ದು ಸಹಿ ಹಾಕುವ ಕಾಗದದಲ್ಲಿ ಒಂದು ಸಾಲು. ಈಗ ಅದರಲ್ಲಿ ಚಿಪ್ಪಿನ ಸಂಖ್ಯೆ, ದಿನಾಂಕ, ಅಂಕಿ, ಅಳೆದವರ ಹೆಸರು ಇಷ್ಟೇ ಇವೆ. ಅಂಕಿಯ ಮೇಲೆ ಇನ್ನೊಂದು ಸಾಲು ಬೇಕು, ಅಳೆಯುವಾಗ ಅದಕ್ಕೆ ಏನೇನು ಸಿಕ್ಕಿಸಿತ್ತು, ಅದು ಯಾವುದರೊಳಗಿತ್ತು ಎಂದು ಬರೆಯುವುದಕ್ಕೆ. ಆ ಸಾಲು ಖಾಲಿ ಇದ್ದರೆ ಸಹಿಗೆ ಬೆಲೆ ಇಲ್ಲ ಎಂದೂ ಕೆಳಗೆ ಅಚ್ಚು ಹಾಕಿಸಬೇಕು. ರಾಜ್ಯಶ್ರೀ ಅಲ್ಲೇ ಕಂಪ್ಯೂಟರಿನ ಮುಂದೆ ಕೂತು ಸಾಲು ಸೇರಿಸಿ, ಹೊಸ ಕಾಗದ ತೆಗೆದುಕೊಡುತ್ತಾರೆ. ಓಂಕಾರಪ್ಪನವರು ಕನ್ನಡಕ ಏರಿಸಿ, ಹೊಸ ಸಾಲನ್ನು ಎರಡು ಸಲ ಓದಿ, ಅದನ್ನು ಮೊದಲು ತುಂಬಿ, ಆಮೇಲೆ ಅಂಕಿ ಬರೆದು, ಕೊನೆಗೆ ಸಹಿ ಹಾಕುತ್ತಾರೆ. ಶಾಯಿ ಆರಲೆಂದು ಊದಲು ಹೋಗಿ, ಅಭ್ಯಾಸಬಲದಿಂದ ಉಸಿರು ಹಿಡಿದುಕೊಳ್ಳುತ್ತಾರೆ.

"ಇನ್ನು ಮೇಲೆ ಈ ಬೆಂಚಿಗೆ ಯಾರೇ ಬಂದು ಕೂರ್ಲಿ," ಎನ್ನುತ್ತಾರೆ ಕಾಗದವನ್ನು ಬೆಳಕಿಗೆ ಹಿಡಿದು, "ನಾನು ಮಾಡಿದ ತಪ್ಪು ಮಾಡೋಕೆ ಅವರಿಗೆ ಈ ಕಾಗದ ಬಿಡಲ್ಲ."